ಫೋಲ್ಡರ್‌ಗೆ ಕಾವಲೋ, ನಿಗಾವೋ, ಗಸ್ತೋ?

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕಾಗಿ ನಾಲ್ಕು ದಿನದಿಂದ ಹುಡುಕಾಡುತ್ತಿದ್ದೇನೆ. ನಮ್ಮ ಎಸ್‌ಎಫ್‌ಟಿಪಿ ಸರ್ವರ್‌ನಲ್ಲಿ (ನೆಟ್‌ವರ್ಕ್ ಮೂಲಕ ಸುರಕ್ಷಿತವಾಗಿ ಫೈಲ್ ಕಳಿಸಲು ಇರುವ ಯಂತ್ರದಲ್ಲಿ) ಒಂದು ಫೋಲ್ಡರ್ ಇದೆ. ಹೊರಗಿನವರು ಅಲ್ಲಿ ಫೈಲ್ ಹಾಕಿದ ಕೂಡಲೇ ನಮ್ಮ ಪ್ರೋಗ್ರಾಮ್ ಅದನ್ನು ಎತ್ತಿಕೊಂಡು ಮುಂದಿನ ಕೆಲಸ ಶುರು ಮಾಡಬೇಕು. ಇದನ್ನೆಲ್ಲ ಹೇಗೆ ಹೊಂದಿಸುವುದು ಅಂತ ಹೊಸಬರಿಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಫೈಲ್ ಬಂತಾ ಅಂತ ಫೋಲ್ಡರನ್ನು ಗಮನಿಸುತ್ತಿರುವುದಕ್ಕೆ ಹೇಳುವ 'ಮಾನಿಟರಿಂಗ್' ಅನ್ನುವ ಕಡೆ ಬರವಣಿಗೆ ನಿಂತುಬಿಟ್ಟಿತು.

ಫೈಲ್, ಫೋಲ್ಡರ್ ಹಾಗೇ ಇರಲಿ. 'ಕಡತ' ನನಗೆ ತುಂಬಾ ಇಷ್ಟ. ಹಿಂದೆ ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು, ಬಳಪದಲ್ಲಿ ಬರೆದು, ಮಡಚಿ ಇಡುತ್ತಿದ್ದರಲ್ಲ, ಅದೇ ಕಡತ. ಆದರೆ ನಮ್ಮ ಹುಡುಗರ ಬಾಯಲ್ಲಿ ಬರುವುದು ಫೈಲೇ.

ಮಾನಿಟರಿಂಗ್‌ಗೆ 'ಮೇಲ್ವಿಚಾರಣೆ' ಅಂದರೆ ಪರೀಕ್ಷೆ ಕೊಠಡಿ ನೆನಪಾಗುತ್ತದೆ. 'ಉಸ್ತುವಾರಿ'ಯಲ್ಲಿ ಜವಾಬ್ದಾರಿಯ ಭಾರ ಜಾಸ್ತಿ, ಜಿಲ್ಲಾ ಉಸ್ತುವಾರಿ ಸಚಿವರ ಹಾಗೆ. 'ಕಣ್ಗಾವಲು' ಅಂದರೆ ಅನುಮಾನದ ವಾಸನೆ. 'ನಿಗಾ' ಪರವಾಗಿಲ್ಲ, ಆಸ್ಪತ್ರೆಯ ತೀವ್ರ ನಿಗಾ ಘಟಕದಿಂದ ಎಲ್ಲರಿಗೂ ಗೊತ್ತು.

ಆದರೆ ಇಲ್ಲಿ ಕೆಲಸವೇ ಎರಡು ಬಗೆಯದು. ಒಂದರಲ್ಲಿ ಪ್ರೋಗ್ರಾಮ್ ಐದು ನಿಮಿಷಕ್ಕೊಮ್ಮೆ ಹೋಗಿ ಫೋಲ್ಡರ್ ನೋಡಿ ಬರುತ್ತದೆ. ಇನ್ನೊಂದರಲ್ಲಿ ಸುಮ್ನೆ ಕೂತಿರುತ್ತದೆ, ಏನಾದರೂ ಬಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ಲೇ ಎಬ್ಬಿಸುತ್ತದೆ. ಲಿನಕ್ಸ್‌ನಲ್ಲಿ ಇದಕ್ಕೆ ಐನೋಟಿಫೈ ಅನ್ನುವ ಸೌಲಭ್ಯ ಇದೆ, 2005ರಲ್ಲಿ 2.6.13 ಕರ್ನಲ್‌ಗೆ ಸೇರಿತು. ಎರಡಕ್ಕೂ 'ನಿಗಾ' ಅಂದುಬಿಟ್ಟರೆ ವ್ಯತ್ಯಾಸ ಕಾಣುವುದಿಲ್ಲ.

ಮೊದಲನೆಯದಕ್ಕೆ 'ಗಸ್ತು' ಹೇಗೆ? ರಾತ್ರಿ ಪೊಲೀಸರು ಸುತ್ತು ಹಾಕಿದ ಹಾಗೆ. ಎರಡನೆಯದಕ್ಕೆ 'ಕಾವಲು'. ಇದು ನನಗೆ ಹಿಡಿಸಿದ್ದು 'ಕಾಯು' ಧಾತುವಿನಿಂದ. ಹೊಲ ಕಾಯುತ್ತೇವೆ, ಬಸ್ಸಿಗೂ ಕಾಯುತ್ತೇವೆ. ನೋಡಿಕೊಳ್ಳುವುದು, ಬರಲಿ ಅಂತ ಇರುವುದು, ಎರಡೂ ಒಂದೇ ಪದದಲ್ಲಿ ಇದೆಯಲ್ವಾ! ಈ ಪ್ರೋಗ್ರಾಮ್ ಮಾಡುವುದೂ ಅದನ್ನೇ. ಎನ್‌ಎಫ್‌ಎಸ್ (ಬೇರೆ ಯಂತ್ರದ ಫೋಲ್ಡರನ್ನು ನೆಟ್‌ವರ್ಕ್‌ನಲ್ಲಿ ನಮ್ಮದರಂತೆ ಬಳಸುವ ವ್ಯವಸ್ಥೆ) ಮೂಲಕ ಜೋಡಿಸಿದ ಫೋಲ್ಡರ್‌ಗೆ ಬೇರೆ ಯಂತ್ರದಿಂದ ಫೈಲ್ ಬಂದರೆ ಐನೋಟಿಫೈಗೆ ತಿಳಿಯುವುದಿಲ್ಲ. ಆಗ 'ಇಲ್ಲಿ ಕಾವಲು ನಡೆಯದು, ಗಸ್ತೇ ಬೇಕು' ಅಂತ ಒಂದೇ ಸಾಲಿನಲ್ಲಿ ಬರೆಯಬಹುದು.

ಇನ್ನೊಂದು ತೊಡಕು 'ಬಂದ ಫೈಲ್' ಅನ್ನುವುದರದ್ದು. ನನ್ನ ಮೊದಲ ಕರಡಿನಲ್ಲಿ 'ಫೈಲ್ ಬಂದ ಕೂಡಲೇ ಎತ್ತಿಕೊಳ್ಳಿ' ಅಂತ ಬರೆದಿದ್ದೆ. ಓದಿದ ಹುಡುಗ ಫೈಲ್ ಹುಟ್ಟಿದ ಕ್ಷಣಕ್ಕೇ ಕಾವಲು ಕಟ್ಟಿದ. ದೊಡ್ಡ ಫೈಲ್ ಇನ್ನೂ ಬರುತ್ತಲೇ ಇತ್ತು, ಅರ್ಧವೇ ಮುಂದಕ್ಕೆ ಹೋಯಿತು. ತಪ್ಪು ಅವನದಲ್ಲ, ನನ್ನ 'ಬಂದ'ದ್ದು. ಬರೆದು ಮುಚ್ಚಿದ ಮೇಲೆ ಎತ್ತಿಕೊಳ್ಳಿ ಅನ್ನಬೇಕಿತ್ತು. ಅದೂ ಸಾಲದು, ಸಂಪರ್ಕ ನಡುವೆ ಕಡಿದರೂ ಫೈಲ್ ಮುಚ್ಚುತ್ತದೆ. ಕಳಿಸುವವರು ಬೇರೆ ಹೆಸರಲ್ಲಿ ಹಾಕಿ, ಪೂರ್ತಿಯಾದ ಮೇಲೆ ಸರಿಯಾದ ಹೆಸರು ಕೊಡುವುದೇ ಭದ್ರ. ಈಗ 'ಬರುತ್ತಿರುವ ಫೈಲ್', 'ಪೂರ್ತಿ ಬಂದ ಫೈಲ್' ಅಂತ ಬೇರೆ ಬೇರೆ ಬರೆಯುತ್ತಿದ್ದೇನೆ.

'ಕಾವಲು' ವಿಷಯದಲ್ಲಿ ಒಂದು ಅಳುಕು ಉಳಿದಿದೆ. ಕಾವಲುಗಾರ ತಡೆಯುತ್ತಾನೆ. ಈ ಪ್ರೋಗ್ರಾಮ್ ಯಾರನ್ನೂ ತಡೆಯುವುದಿಲ್ಲ, ಬಂತು ಅಂತ ಕೂಗಿ ಹೇಳುತ್ತದೆ ಅಷ್ಟೆ. ದಾರಿ ನೋಡುತ್ತಾ ಕೂತು, ಯಾರಾದರೂ ಬಂದರೆ ಒಳಗಿನವರಿಗೆ ಹೇಳುವವನಿಗೆ ನಿಮ್ಮ ಕಡೆ ಏನನ್ನುತ್ತಾರೆ? ಊರಿನ ಹೆಸರೂ ಜೊತೆಗೆ ತಿಳಿಸಿ.