ಪಾಳು ಕೋಟೆಗೆ ವಿಆರ್ ಬೇಕಾ? ಮಾಡಿ ನೋಡಿದವರು ಹೇಳಿ

ಪ್ರಶ್ನೆ:
ಒಂದು ಹಳೇ ಕೋಟೆ ನೋಡಿಕೊಳ್ಳುವ ಸಮಿತಿಯಲ್ಲಿ ನಾನಿದ್ದೇನೆ. ಗೋಡೆ, ಬುರುಜು ಗಟ್ಟಿಯಾಗಿವೆ. ಒಳಗಿನ ಅರಮನೆಯದ್ದು ಮಾತ್ರ ಬರೀ ಪಾಯ ಉಳಿದಿದೆ. ಬಂದವರು "ಇಲ್ಲೇನಿದೆ ನೋಡೋಕೆ?" ಅಂತ ಹತ್ತು ನಿಮಿಷಕ್ಕೆ ಹೊರಟುಬಿಡುತ್ತಾರೆ. ವಿಆರ್ ಹೆಡ್‌ಸೆಟ್ (ಕಣ್ಣು ಮುಚ್ಚುವ ಹಾಗೆ ತಲೆಗೆ ಕಟ್ಟಿಕೊಂಡರೆ ಹಳೇ ಅರಮನೆಯೊಳಗೇ ನಿಂತ ಹಾಗೆ ತೋರಿಸುವ ಸಾಧನ) ಇಡೋಣ ಅಂತ ಸಮಿತಿಯಲ್ಲಿ ಅರ್ಧ ಜನ, ಫೋನ್ ಎತ್ತಿ ಹಿಡಿದರೆ ಪಾಯದ ಮೇಲೆ ಅರಮನೆ ಕಾಣುವಂಥ ಮೊಬೈಲ್ ಆ್ಯಪ್ ಮಾಡಿಸೋಣ ಅಂತ ಇನ್ನರ್ಧ ಜನ. ದುಡ್ಡು ಒಂದೇ ಸಲ ಸಿಗುವುದು. ಮಾಡಿ ನೋಡಿದವರು, ಅದರಲ್ಲೂ ಕೈ ಸುಟ್ಟುಕೊಂಡವರು, ದಯವಿಟ್ಟು ಹೇಳಿ.

ಹೆಡ್‌ಸೆಟ್ ಕೌಂಟರಿನಲ್ಲಿ ಎರಡು ವರ್ಷ ಕೂತವನ ಉತ್ತರ:
ಸರ್, ಮೊದಲು ಒಂದು ಲೆಕ್ಕ ಹಾಕಿ. ನಮ್ಮ ಫಿಲ್ಮ್ ಆರು ನಿಮಿಷದ್ದು. ಆದರೆ ತಲೆಗೆ ಕಟ್ಟಿ, ಕನ್ನಡಕದವರಿಗೆ ಸರಿಮಾಡಿ, "ಎಲ್ಲಿ ಒತ್ತಬೇಕು?" ಅನ್ನುವವರಿಗೆ ಹೇಳಿಕೊಟ್ಟು, ಬಿಚ್ಚಿದ ಮೇಲೆ ಒರೆಸುವುದಕ್ಕೆ ಇನ್ನೂ ನಾಲ್ಕು ನಿಮಿಷ. ಅಲ್ಲಿಗೆ ಒಂದು ಹೆಡ್‌ಸೆಟ್‌ಗೆ ಗಂಟೆಗೆ ಆರೇ ಜನ. ನಮ್ಮಲ್ಲಿ ನಾಲ್ಕಿದ್ದವು. ಐವತ್ತು ಮಕ್ಕಳ ಶಾಲಾ ಬಸ್ಸು ಬಂದರೆ ಎರಡು ಗಂಟೆ! ಟೀಚರ್ ಗಡಿಯಾರ ನೋಡಿಕೊಂಡು, ಹತ್ತು ಮಕ್ಕಳಿಗೆ ತೋರಿಸಿ, ಮಿಕ್ಕವರನ್ನು ಅಳಿಸಿಕೊಂಡು ಹೋಗುತ್ತಿದ್ದರು. ಕೊಳ್ಳುವಾಗ ಈ ಲೆಕ್ಕ ಯಾರೂ ಹಾಕಿರಲಿಲ್ಲ.

ಇನ್ನು ತಲೆಸುತ್ತು. ನಮ್ಮ ಫಿಲ್ಮಿನಲ್ಲಿ ಹದ್ದು ಹಾರಿದ ಹಾಗೆ ಗೋಡೆ ಮೇಲಿಂದ ಹಾರಿ ಹೋಗುವ ದೃಶ್ಯ ಇತ್ತು. ಉದ್ಘಾಟನೆ ದಿನ ಎಲ್ಲರೂ ಚಪ್ಪಾಳೆ ಹೊಡೆದರು. ಆಮೇಲೆ ದಿನಾ ಒಬ್ಬಿಬ್ಬರು ಗೋಡೆ ಹಿಡಿದುಕೊಂಡು ಕೂರುತ್ತಿದ್ದರು. ಕಣ್ಣು "ಓಡ್ತಿದ್ದೀವಿ" ಅನ್ನುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ "ಇಲ್ಲ, ಕೂತಿದ್ದೀವಿ" ಅನ್ನುತ್ತದೆ. ಅವೆರಡರ ಜಗಳದಲ್ಲಿ ಹೊಟ್ಟೆ ತೊಳೆಸುತ್ತದೆ. ಮಾಡಿಸುವುದೇ ಆದರೆ ನೋಡುವವರನ್ನು ಒಂದು ಕಡೆ ನಿಲ್ಲಿಸಿ, ಸುತ್ತಲಿನದು ಬದಲಾಗುವ ಹಾಗೆ ಮಾಡಿಸಿ. ಕೂರಲು ತಿರುಗುವ ಕುರ್ಚಿ ಇಡಿ.

ಸಣ್ಣಪುಟ್ಟದ್ದೂ ಹೇಳಿಬಿಡುತ್ತೇನೆ. ಲೆನ್ಸನ್ನು ಒಣ ಮೈಕ್ರೋಫೈಬರ್ ಬಟ್ಟೆಯಲ್ಲೇ ಒರೆಸಬೇಕು, ಸ್ಪಿರಿಟ್ ತಾಗಿಸಬಾರದು. ಮುಖಕ್ಕೆ ತಾಗುವ ಜಾಗಕ್ಕೆ ತೊಳೆಯಬಹುದಾದ ಸಿಲಿಕೋನ್ ಕವರ್ ಹಾಕಿ. ಬ್ಯಾಟರಿ ಎರಡು ಗಂಟೆ ಬಂದರೆ ಪುಣ್ಯ. ಮುಖ್ಯವಾಗಿ, ಲೆನ್ಸಿಗೆ ನೇರ ಬಿಸಿಲು ಬೀಳಬಾರದು. ಭೂತಗನ್ನಡಿ ಕಾಗದ ಸುಡುತ್ತದಲ್ಲ, ಹಾಗೇ ಒಳಗಿನ ಸ್ಕ್ರೀನ್ ಸುಟ್ಟುಹೋಗುತ್ತದೆ. ನಾನೇ ಕಿಟಕಿ ಪಕ್ಕ ಇಟ್ಟು ಊಟಕ್ಕೆ ಹೋಗಿದ್ದೆ. ಬರುವಷ್ಟರಲ್ಲಿ ಮಧ್ಯದಲ್ಲಿ ಹಳದಿ ಚುಕ್ಕೆ. ಬೈಸಿಕೊಂಡಿದ್ದು ಬೇರೆ ವಿಷಯ.

ಎರಡನೇ ವರ್ಷ ನನ್ನ ಕೆಲಸದ ಅವಧಿ ಮುಗಿಯಿತು. ಬೇರೆಯವರನ್ನು ಹಾಕಲಿಲ್ಲ. ಈಗ ನಾಲ್ಕೂ ಬೀರುವಿನಲ್ಲಿವೆ.

ಪ್ರಶ್ನೆ ಕೇಳಿದವರು:
ಅಯ್ಯೋ, ಶಾಲಾ ಮಕ್ಕಳೇ ನಮಗೂ ಜಾಸ್ತಿ. ಹಾಗಾದರೆ ಆ್ಯಪ್ ವಾಸಿ ಅಲ್ವಾ?

ಇಂಥ ಆ್ಯಪ್ ಬರೆದುಕೊಟ್ಟವಳು:
ಆ್ಯಪ್ ಬರೆದು ಹೊಟ್ಟೆ ಹೊರೆಯುವವಳು ನಾನು, ಆದರೂ ಹೇಳುತ್ತೇನೆ, ಅವಸರ ಮಾಡಬೇಡಿ. ಗ್ರೀಸ್‌ನ ಒಲಿಂಪಿಯಾದಲ್ಲಿ 2000ದ ದಶಕದ ಆರಂಭದಲ್ಲೇ ಇದನ್ನು ಪ್ರಯೋಗ ಮಾಡಿದ್ದರು. ಬೆನ್ನಿಗೆ ಕಂಪ್ಯೂಟರ್ ಹೊತ್ತು, ಕಣ್ಣಿಗೆ ಪರದೆ ಕಟ್ಟಿಕೊಂಡು, ಪಾಳುಗಲ್ಲಿನ ಮೇಲೆ ಪೂರ್ತಿ ದೇವಾಲಯ ಕಾಣುವ ಹಾಗೆ. ಈಗ ಆ ಮೂಟೆ ಜೇಬಿಗೆ ಬಂದಿದೆ. ತೊಂದರೆ ಮಾತ್ರ ಅವೇ. ಬಯಲಿನಲ್ಲೇ ಫೋನಿನ ಜಿಪಿಎಸ್ ಐದು ಮೀಟರ್ ಆಚೀಚೆ ಆಗುತ್ತದೆ. ಎತ್ತರದ ಗೋಡೆ ಪಕ್ಕ ಇನ್ನೂ ಜಾಸ್ತಿ. ನನ್ನ ಮೊದಲ ಕೆಲಸದಲ್ಲಿ ಮಂಟಪ ಹೋಗಿ ಕೊಳದ ನೀರಿನ ಮೇಲೆ ನಿಂತಿತ್ತು. ಮಕ್ಕಳಿಗೆ ಭಾರಿ ಖುಷಿ, ನನಗೆ ಅಳು.

ಅದಕ್ಕೇ ಈಗ ಜಿಪಿಎಸ್ ನಂಬುವುದಿಲ್ಲ. ಜಾಗದಲ್ಲಿ ಒಂದು ಕಂಬ ನೆಟ್ಟು, "ಇಲ್ಲಿ ನಿಂತು ಆ ಕಡೆ ಹಿಡಿಯಿರಿ" ಅಂತ ಬರೆಸುತ್ತೇನೆ. ಕಂಬ ನೆರಳಿನಲ್ಲಿರಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ಫೋನಿನಲ್ಲಿ ನಮ್ಮ ಮುಖವೇ ಕಾಣುವುದು. ಇನ್ನೂರು ಎಂಬಿ ಆ್ಯಪನ್ನು ಗೇಟಿನ ಹತ್ತಿರ ನಿಂತು ಯಾರೂ ಇಳಿಸಿಕೊಳ್ಳುವುದಿಲ್ಲ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಬ್ರೌಸರಿನಲ್ಲೇ ತೆರೆಯುವಂಥದ್ದು ಕೇಳಿ. ಫೋನಿನ ಸಿಸ್ಟಂ ಅಪ್‌ಡೇಟ್ ಆದಾಗಲೆಲ್ಲ ಆ್ಯಪಿಗೂ ರಿಪೇರಿ ಬೇಕು, ಒಂದೇ ಸಲದ ದುಡ್ಡಿನಲ್ಲಿ ಅದು ಆಗದ ಮಾತು. ಯಾರಿಂದ ಮಾಡಿಸಿದರೂ ಮೂಲ ತ್ರೀಡಿ ಮಾಡೆಲ್, ಕೋಡ್ ಎಲ್ಲಾ ನಿಮ್ಮ ಕೈಗೆ ಕೊಡಬೇಕು ಅಂತ ಮೊದಲೇ ಬರೆಸಿಕೊಳ್ಳಿ. ಇಲ್ಲದಿದ್ದರೆ ಮುಂದಿನ ಸಲ ಮತ್ತೆ ಸೊನ್ನೆಯಿಂದ.

ಉತ್ಖನನದಲ್ಲಿ ಕೆಲಸ ಮಾಡಿದವರು:
ಹೆಡ್‌ಸೆಟ್ಟೋ ಫೋನೋ ಆಮೇಲೆ. ನೀವು ತೋರಿಸಲಿರುವ ಅರಮನೆಗೆ ಚಾವಣಿ ಹೇಗಿತ್ತು? ನಿಮಗೆ ಗೊತ್ತಾ? ಪಾಯ ನೋಡಿದರೆ ಕೋಣೆಯ ಅಳತೆ ಸಿಗುತ್ತದೆ. ಮಾಡು ಹೆಂಚಿನದೋ ಹುಲ್ಲಿನದೋ, ಕಂಬಕ್ಕೆ ಕೆತ್ತನೆ ಇತ್ತೋ ಇಲ್ಲವೋ ಪಾಯ ಹೇಳುವುದಿಲ್ಲ. ಆದರೆ ಕಂಪ್ಯೂಟರಿನಲ್ಲಿ ಏನಾದರೊಂದು ಹಾಕಲೇಬೇಕಲ್ಲ, ಕಲಾವಿದ ಸಿನಿಮಾ ಅರಮನೆ ಹಾಕಿಬಿಡುತ್ತಾನೆ. ನೋಡಿದ ಮಗು ಜೀವನಪೂರ್ತಿ ಅದನ್ನೇ ನಂಬುತ್ತದೆ.

ಸಿಕ್ಕಿದ್ದು ಯಾವುದು, ಊಹಿಸಿದ್ದು ಯಾವುದು ಅಂತ ನೋಡುವವರಿಗೆ ಗೊತ್ತಾಗಬೇಕು, ಯಾಕೆ ಹಾಗೆ ಊಹಿಸಿದೆವು ಅಂತ ಬರೆದಿಟ್ಟಿರಬೇಕು. ಪರಂಪರೆಯ ತಾಣಗಳನ್ನು ಕಂಪ್ಯೂಟರಿನಲ್ಲಿ ಮರುಸೃಷ್ಟಿಸುವವರಿಗಾಗಿ ಮಾಡಿದ 2009ರ ಲಂಡನ್ ಚಾರ್ಟರ್ ಎಂಬ ಮಾರ್ಗಸೂಚಿ ಕೇಳುವುದೂ ಇದನ್ನೇ. ಉಪಾಯ ಸುಲಭ. ಉಳಿದ ಕಲ್ಲಿಗೆ ನಿಜ ಬಣ್ಣ, ಊಹೆಯ ಭಾಗಕ್ಕೆ ತೆಳು ಬೂದು. ಅಂದ ಕಡಿಮೆಯಾಗುತ್ತದೆ ಅಂತ ಸಮಿತಿಯವರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ ಬಿಡಿ.

ಸುಮ್ನೆ ಊರೂರು ಸುತ್ತುವವಳು:
ನನಗೆ ತಾಂತ್ರಿಕ ವಿಷಯ ಗೊತ್ತಿಲ್ಲ, ನೋಡಿದ್ದು ಹೇಳುತ್ತೇನೆ. ಸ್ಪೇನ್‌ನ ತಾವುಲ್ ಅನ್ನುವ ಬೆಟ್ಟದ ಹಳ್ಳಿಯಲ್ಲಿ 1123ರ ಒಂದು ಚರ್ಚಿದೆ. ಅದರ ಗೋಡೆಚಿತ್ರಗಳನ್ನು ನೂರು ವರ್ಷದ ಹಿಂದೆ ಕಿತ್ತು ಬಾರ್ಸಿಲೋನಾದ ಮ್ಯೂಸಿಯಂಗೆ ಒಯ್ದರು. ಉಳಿದದ್ದು ತುಣುಕುಗಳು. 2013ರಿಂದ ಅಲ್ಲಿ ಪ್ರೊಜೆಕ್ಟರ್ ಬೆಳಕಿನಲ್ಲಿ ಆ ಚಿತ್ರವನ್ನು ಅದೇ ಗೋಡೆಯ ಮೇಲೆ ಬಿಡಿಸುತ್ತಾರೆ. ಮೊದಲು ಗೆರೆ, ಆಮೇಲೆ ಬಣ್ಣ. ತಲೆಗೆ ಏನೂ ಕಟ್ಟಿಕೊಳ್ಳಬೇಕಿಲ್ಲ. ಇಡೀ ಗುಂಪು ಒಟ್ಟಿಗೆ "ಓ" ಅಂದಿತು. ಮುಗಿದ ಮೇಲೆ ಬರಿ ಗೋಡೆ. ನಾವು ಯಾರೂ ಕದಲಲಿಲ್ಲ, ಆ ಖಾಲಿ ಗೋಡೆಯನ್ನೇ ನೋಡುತ್ತಾ ನಿಂತಿದ್ದೆವು. ಹೆಡ್‌ಸೆಟ್ ತೆಗೆದ ಮೇಲೆ ನನಗೆ ಯಾವತ್ತೂ ಹಾಗಾಗಿಲ್ಲ. ಫಿಲ್ಮ್ ಮುಗಿಯಿತು ಅಂತ ಎದ್ದು ಬಂದಿದ್ದೇನೆ ಅಷ್ಟೇ. ಆದರೆ ಇದಕ್ಕೆ ಕತ್ತಲೆ ಬೇಕು, ನಿಮ್ಮದು ಬಯಲು.

ಬಯಲಿಗೆ ಇನ್ನೊಂದಿದೆ. ಆಸ್ಟ್ರಿಯಾದ ಕಾರ್ನುಂಟುಮ್‌ನಲ್ಲಿ ರೋಮನ್ನರ ಕಾಲದ ಮುರಿದ ಕಮಾನಿನ ಎದುರು ಒಂದು ಪಾರದರ್ಶಕ ಫಲಕ ನಿಲ್ಲಿಸಿದ್ದಾರೆ. ಅದರ ಮೇಲೆ ಮೂಲ ಕಟ್ಟಡದ ಗೆರೆಗಳು. ಸರಿಯಾದ ಜಾಗದಲ್ಲಿ ನಿಂತು ನೋಡಿದರೆ ಗೆರೆ ಹೋಗಿ ಕಲ್ಲಿಗೆ ಕೂಡಿಕೊಂಡು ಪೂರ್ತಿ ಕಟ್ಟಡ ಎದ್ದು ನಿಲ್ಲುತ್ತದೆ. ಚಾರ್ಜಿಲ್ಲ, ಅಪ್‌ಡೇಟಿಲ್ಲ.

ಮೇಲೆ ಚಾವಣಿ ಬಗ್ಗೆ ಕೇಳಿದವರು:
ಅದರಲ್ಲಿ ಬರೀ ಗೆರೆ ಅಲ್ವಾ, ಇದು ಊಹೆ ಅಂತ ತಾನಾಗಿಯೇ ಗೊತ್ತಾಗುತ್ತದೆ. ನನ್ನ ಓಟು ಇದಕ್ಕೆ.

ಇನ್ನೊಬ್ಬರು:
ಎಲ್ಲರೂ ಹೆಡ್‌ಸೆಟ್ಟನ್ನು ಬೈಯುತ್ತಿದ್ದೀರಿ. ನಮ್ಮಮ್ಮನಿಗೆ ಮಂಡಿ ನೋವು. ಒಂದು ಬೆಟ್ಟದ ಕೋಟೆಗೆ ಹೋದಾಗ ನಾವೆಲ್ಲ ಹತ್ತಿದೆವು, ಅವರು ಕೆಳಗೆ ಬೆಂಚಿನ ಮೇಲೆ. ಬಾಗಿಲಲ್ಲಿ ಒಂದೇ ಒಂದು ಹೆಡ್‌ಸೆಟ್ ಇತ್ತು. ಅದರಲ್ಲಿ ತುದಿಯವರೆಗೂ ನೋಡಿ, ನಾವು ಇಳಿದು ಬಂದಾಗ "ಮೇಲಿನ ಬಾವಿ ನೋಡಿದ್ರಾ?" ಅಂತ ನಮ್ಮನ್ನೇ ಕೇಳಿದರು. ನಾವು ನೋಡಿರಲಿಲ್ಲ. ಜನ ಹೋಗಬಾರದ ಜಾಗಕ್ಕೂ ಹೀಗೇ ಅಲ್ವಾ? ಆದಿಮಾನವರ ಚಿತ್ರಗಳಿರುವ ಫ್ರಾನ್ಸಿನ ಲಾಸ್ಕೋ ಗುಹೆ ಜನರ ಉಸಿರಿಗೇ ಹಾಳಾಗುತ್ತಿತ್ತು ಅಂತ 1963ರಲ್ಲಿ ಮುಚ್ಚಿದರು, ಈಗ ಎಲ್ಲರೂ ನೋಡುವುದು ನಕಲನ್ನೇ. ಎಲ್ಲರಿಗೂ ಹೆಡ್‌ಸೆಟ್ ಬೇಡ. ಹತ್ತಲಾಗದವರಿಗೆ ಒಂದು ಇಡಿ.

ಗೈಡ್ ಕೆಲಸದವರು:
ಒಂದೇ ಮಾತು. ಟ್ಯಾಬ್ಲೆಟ್ ತರುವುದಾದರೆ ನನ್ನಂಥವನ ಕೈಗೆ ಕೊಡಿ. ನಾನು ಕಥೆ ಹೇಳುತ್ತಾ, ಬೇಕಾದ ಕಡೆ ಎತ್ತಿ ತೋರಿಸುತ್ತೇನೆ. ಪ್ರತಿಯೊಬ್ಬರಿಗೂ ಒಂದೊಂದು ಕೊಟ್ಟರೆ ಎಲ್ಲರೂ ತಲೆ ಬಗ್ಗಿಸಿ ನಡೆಯುತ್ತಾರೆ, ಮೆಟ್ಟಿಲೂ ನೋಡುವುದಿಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಸಮಿತಿಯಲ್ಲಿ ಇದನ್ನೆಲ್ಲ ಓದಿ ಹೇಳಿದೆ. ಹದ್ದಿನ ಹಾಗೆ ಹಾರುವ ಫಿಲ್ಮ್ ಬೇಕೆಂದಿದ್ದವರು ಸ್ವಲ್ಪ ಮುನಿಸಿಕೊಂಡಿದ್ದಾರೆ. ಸದ್ಯಕ್ಕೆ ಒಂದು ದಪ್ಪ ಪ್ಲಾಸ್ಟಿಕ್ ಹಾಳೆ ತಂದು, ಅರಮನೆ ಗೋಡೆಗಳ ಗೆರೆಯನ್ನು ಮಾರ್ಕರಿನಲ್ಲಿ ಬರೆದು, ಮರದ ಚೌಕಟ್ಟಿಗೆ ಬಿಗಿದು ಭಾನುವಾರ ಪಾಯದ ಎದುರು ನಿಲ್ಲಿಸುತ್ತೇವೆ. ಚಾವಣಿ ಬರೆಯುವುದಿಲ್ಲ. ಎಷ್ಟು ಜನ ನಿಂತು ನೋಡುತ್ತಾರೆ ಅಂತ ಎಣಿಸಲು ಗೇಟಿನ ಹುಡುಗನಿಗೆ ಹೇಳಿದ್ದೇನೆ. ಸೋಮವಾರ ಬಂದು ಬರೆಯುತ್ತೇನೆ.