ಪ್ರಯೋಗಾಲಯದ ಫೈಬರ್ ಸೆನ್ಸರ್ ಉದ್ಯಮವಾಗಬೇಕಾದರೆ

ಪ್ರಶ್ನೆ (ಮಣಿಪಾಲ):
ಮಾನ್ಯರೇ, ಕೋಲ್ಕತ್ತದ ಕೇಂದ್ರೀಯ ಗಾಜು ಮತ್ತು ಸೆರಾಮಿಕ್ ಸಂಶೋಧನಾ ಸಂಸ್ಥೆಯಂತಹ ಸರಕಾರಿ ಪ್ರಯೋಗಾಲಯದಿಂದ ಫೈಬರ್ ಬ್ರ್ಯಾಗ್ ಗ್ರೇಟಿಂಗ್ (ಗಾಜಿನ ಎಳೆಯೊಳಗೆ ಬರೆದ, ಒಂದು ನಿರ್ದಿಷ್ಟ ತರಂಗಾಂತರದ ಬೆಳಕನ್ನು ಹಿಂದಿರುಗಿಸುವ ಸೂಕ್ಷ್ಮ ಗೆರೆಗಳ ಸಾಲು) ತಂತ್ರಜ್ಞಾನದ ಪರವಾನಗಿ ಪಡೆದು, ಕರಾವಳಿಯ ಸೇತುವೆಗಳ ಸ್ಥಿತಿಗತಿಯನ್ನು ಅಳೆಯುವ ಸಣ್ಣ ಉದ್ಯಮವನ್ನು ಆರಂಭಿಸಲು ನಾನೂ ನನ್ನ ಸಹಪಾಠಿಯೂ ಯೋಚಿಸಿದ್ದೇವೆ. ಪರವಾನಗಿ ಶುಲ್ಕದ ಹೊರತಾಗಿ ಯಾವುದಕ್ಕೆ ಹಣ ತೆಗೆದಿಡಬೇಕು?

ಉತ್ತರ (ಸುರತ್ಕಲ್):
ಸೆನ್ಸರ್‌ನ ಹೊರಕವಚಕ್ಕೆ ಮತ್ತು ಬಯಲಿನ ಪರೀಕ್ಷೆಗೆ. 1550 ನ್ಯಾನೋಮೀಟರ್ ಗ್ರೇಟಿಂಗ್‌ನ ತರಂಗಾಂತರವು ಒಂದು ಮೈಕ್ರೋಸ್ಟ್ರೇನ್‌ಗೆ (ಉದ್ದದ ಹತ್ತು ಲಕ್ಷದಲ್ಲೊಂದು ಪಾಲಿನಷ್ಟು ಹಿಗ್ಗಿಗೆ) ಸುಮಾರು 1.2 ಪಿಕೋಮೀಟರ್, ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 10 ಪಿಕೋಮೀಟರ್ ಸರಿಯುತ್ತದೆ. ಆದ್ದರಿಂದ ಕೂಳೂರಿನ ಸೇತುವೆಯ ಮೇಲೆ ಮಧ್ಯಾಹ್ನದ ಬಿಸಿಲು ಬಿದ್ದರೆ, ಲಾರಿಯೇ ಇಲ್ಲದಿದ್ದರೂ ಭಾರ ಬಿದ್ದಂತೆ ತೋರಬಹುದು. ಎಳೆತಕ್ಕೆ ಸಿಲುಕದ ಇನ್ನೊಂದು ಗ್ರೇಟಿಂಗನ್ನು ಪಕ್ಕದಲ್ಲಿಟ್ಟು ಉಷ್ಣತೆಯ ಪಾಲನ್ನು ಕಳೆಯಲೇಬೇಕು. ಗ್ರೇಟಿಂಗ್ ಬರೆಯಲು ಫೈಬರಿನ ಲೇಪನವನ್ನು ಸುಲಿದಿದ್ದರೆ, ಆ ಜಾಗದಲ್ಲಿ ಗಾಜಿನ ಸೂಕ್ಷ್ಮ ಬಿರುಕುಗಳನ್ನು ತೇವಾಂಶವು ನಿಧಾನವಾಗಿ ಬೆಳೆಸುತ್ತದೆ. ನಮ್ಮ ಉಪ್ಪುಗಾಳಿಯಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಅಂಟು ಬಿಡದೆ ನಿಂತದ್ದನ್ನು ಮಾತ್ರ ಮಾರಾಟಕ್ಕೆ ಒಯ್ಯಿರಿ ಎಂಬುದು ನನ್ನ ಕಳಕಳಿಯ ವಿನಂತಿ.

ಉತ್ತರ (ಬೈಕಂಪಾಡಿ):
ಒಪ್ಪಂದದ ಬಗ್ಗೆ ಒಂದು ಮಾತು. ಪೇಟೆಂಟಿನ ಅವಧಿ ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷವಾದ್ದರಿಂದ, ಎಷ್ಟು ವರ್ಷ ಉಳಿದಿದೆಯೆಂದು ಮೊದಲು ನೋಡಿ. ಅದಕ್ಕಿಂತಲೂ ಮುಖ್ಯವಾಗಿ, ವಿಜ್ಞಾನಿಗಳು ನಿಮ್ಮ ಕೆಲಸಗಾರರಿಗೆ ತರಬೇತಿ ನೀಡುವುದನ್ನು ಬರಹದಲ್ಲಿ ಸೇರಿಸಿ, ಏಕೆಂದರೆ ಕೈಚಳಕ ಪೇಟೆಂಟಿನ ಪುಟಗಳಲ್ಲಿ ಸಿಗುವುದಿಲ್ಲ.

ಪ್ರಶ್ನಿಸಿದವರು:
ಇಬ್ಬರಿಗೂ ಕೃತಜ್ಞತೆಗಳು. ಸಂಕೇತ ಓದುವ ಯಂತ್ರವನ್ನು ಕೊಳ್ಳುವ ಬದಲು ಮೊದಲ ವರ್ಷ ಬಾಡಿಗೆಗೆ ಪಡೆಯುವುದು ಸೂಕ್ತವೇ?

ಉತ್ತರ (ಸುರತ್ಕಲ್):
ಖಂಡಿತ ಸೂಕ್ತ. ಸೆನ್ಸರಿಗಿಂತ ಆ ಯಂತ್ರವೇ ಬಹಳ ದುಬಾರಿ.