ಕ್ವಾಂಟಮ್ ಬ್ರೇಕ್: ತಡವರಿಸುತ್ತಿರುವುದು ಆಟವೋ, ಪಿಸಿಯೋ?

ವಿಜಯಪುರದಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಕ್ವಾಂಟಮ್ ಬ್ರೇಕ್ ಆಡ್ತಾ ಇದ್ದೇನೆ, ಸ್ಟೀಮ್ (ಪಿಸಿ ಆಟಗಳ ಆನ್‌ಲೈನ್ ಅಂಗಡಿ) ಆವೃತ್ತಿ. ಪಿಸಿ ಹಳೇದು. ಐ5-4460 ಪ್ರೊಸೆಸರ್, 8 ಜಿಬಿ ರ‍್ಯಾಮ್, ಜಿಟಿಎಕ್ಸ್ 1050 ಟಿಐ 4 ಜಿಬಿ ಗ್ರಾಫಿಕ್ಸ್ ಕಾರ್ಡ್, 60 ಹರ್ಟ್ಸ್‌ನ 1080ಪಿ ಮಾನಿಟರ್. ಆಟ ಹಾರ್ಡ್ ಡಿಸ್ಕಿನಲ್ಲಿದೆ.

ಶುರುವಿನಲ್ಲಿ ಚೆನ್ನಾಗಿ ಓಡುತ್ತದೆ. ಸ್ವಲ್ಪ ಹೊತ್ತು ಆಡಿದ ಮೇಲೆ ಗುಂಡಿನ ಕಾಳಗ ಬಂತಂದ್ರೆ ಚಿತ್ರ ಜಗ್ಗಿ ಜಗ್ಗಿ ಬರುತ್ತದೆ. ಆದರೆ ಈ ಆಟದ ಕತೆಯೇ ಕಾಲ ಮುರಿದು ಬೀಳುವುದು ಅಲ್ವಾ? ಆಟದ ಊರು ರಿವರ್‌ಪೋರ್ಟ್‌ನಲ್ಲಿ ಜನ ಇದ್ದಲ್ಲೇ ನಿಂತುಬಿಡುತ್ತಾರೆ, ಸಾಮಾನು ಗಾಳಿಯಲ್ಲೇ ನಡುಗುತ್ತದೆ. ಹಿಂಗಾಗಿ ಯಾವುದನ್ನು ಆಟ ಬೇಕಂತಲೇ ತೋರಿಸುತ್ತಿದೆ, ಯಾವುದು ಪಿಸಿಯ ಕೈಲಾಗದೆ ಆಗುತ್ತಿದೆ, ಒಂದೂ ತಿಳಿಯುತ್ತಿಲ್ಲ. ಇನ್ನೊಂದು, ಆಟದ ನಾಯಕ ಜಾಕ್ ಓಡುವಾಗ ಅವನ ಹಿಂದೆ ಮಸುಕು ನೆರಳಿನಂಥದ್ದು ಕಾಣುತ್ತದೆ. ಕಾರ್ಡ್ ಬದಲಿಸಲೇಬೇಕೇನ್ರೀ?

ಬೆಳಗಾವಿಯಿಂದ ಉತ್ತರ:

ಈಗಲೇ ಕಾರ್ಡಿಗೆ ದುಡ್ಡು ಹಾಕಬೇಡಿ. ಮೊದಲು ತಡವರಿಸುವುದು ಎಲ್ಲಿ ಅಂತ ಹಿಡಿಯೋಣ.

ಕತೆಯಲ್ಲಿ ಕಾಲ ನಿಂತಾಗ ಜಗತ್ತು ಮಾತ್ರ ನಿಲ್ಲುತ್ತದೆ. ಜಾಕ್ ನಡೆಯುತ್ತಲೇ ಇರುತ್ತಾನೆ, ಕ್ಯಾಮೆರಾವನ್ನು ನೀವು ಸಲೀಸಾಗಿ ತಿರುಗಿಸಬಹುದು. ಅಂಥ ಜಾಗದಲ್ಲಿ ನಿಂತು ಮೌಸನ್ನು ನಿಧಾನವಾಗಿ ಸುತ್ತಲೂ ತಿರುಗಿಸಿ. ಸಾಮಾನು ನಡುಗುತ್ತಿದ್ದರೂ ನೋಟ ನುಣ್ಣಗೆ ತಿರುಗಿದರೆ ಅದು ಆಟದ ಕೆಲಸ. ನೋಟವೇ ಜಗ್ಗಿದರೆ ಪಿಸಿಯದ್ದು. ಈ ಒಂದು ಪರೀಕ್ಷೆ ಮಾಡದೆ ಸೆಟ್ಟಿಂಗ್ ಮುಟ್ಟಿದರೆ ಸುಮ್ನೆ ಕತ್ತಲಲ್ಲಿ ತಡಕಾಡಿದಂಗೆ ಆಗುತ್ತದೆ.

ಆಮೇಲೆ ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನೋ ತಂತ್ರಾಂಶ ಹಾಕಿ, ತೆರೆಯ ಮೇಲೆ ಫ್ರೇಮ್‌ಟೈಮ್ (ಒಂದೊಂದು ಫ್ರೇಮ್, ಅಂದ್ರೆ ಒಂದೊಂದು ಚಿತ್ರ, ಬರಲು ಹಿಡಿಯುವ ಹೊತ್ತು) ಗೆರೆ, ಕಾರ್ಡ್ ಮತ್ತು ಪ್ರೊಸೆಸರ್ ಎರಡರ ಬಿಸಿ, ಪ್ರೊಸೆಸರ್ ವೇಗ ಕಾಣುವಂತೆ ಮಾಡಿ. ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ಅಂಕಿಯನ್ನು ನಂಬಬೇಡಿ, ಅದು ಸರಾಸರಿ. ಸೆಕೆಂಡಿಗೆ 60 ಫ್ರೇಮ್ ಅಂದ್ರೆ ಒಂದೊಂದಕ್ಕೆ 16.7 ಮಿಲಿಸೆಕೆಂಡು. ವಿ-ಸಿಂಕ್ (ಫ್ರೇಮನ್ನು ಮಾನಿಟರಿನ ಸರದಿಗೆ ಹೊಂದಿಸುವ ಸೆಟ್ಟಿಂಗ್) ಇದ್ದಾಗ ಒಂದು ಫ್ರೇಮ್ ಚೂರು ತಡವಾದರೂ ಮುಂದಿನ ಸರದಿಗೆ, ಅಂದ್ರೆ 33.3ಕ್ಕೆ ಕಾಯುತ್ತದೆ. ಈ ಎರಡರ ನಡುವೆ ಓಲಾಡಿದರೆ ಕಣ್ಣಿಗೆ ಅದೇ ಜಗ್ಗಾಟ.

ಮಸುಕು ನೆರಳಿನದು ಬೇರೆ ವಿಷಯ. ಸೆಟ್ಟಿಂಗ್‌ನಲ್ಲಿ ಅಪ್‌ಸ್ಕೇಲಿಂಗ್ ಅಂತ ಇದೆ ನೋಡಿ. ಅದು ಆನ್ ಇದ್ದರೆ ಆಟ 1080ಪಿ ಚಿತ್ರವನ್ನು ಪೂರ್ತಿ ಬರೆಯುವುದಿಲ್ಲ. 720ಪಿಯಲ್ಲಿ ಬರೆದು, ಹಿಂದಿನ ಫ್ರೇಮ್‌ಗಳನ್ನೂ ಸೇರಿಸಿ ದೊಡ್ಡದು ಮಾಡುತ್ತದೆ. ನಿಮ್ಮೂರ ಗೋಳಗುಮ್ಮಟದಲ್ಲಿ ಚಪ್ಪಾಳೆ ಹೊಡೆದರೆ ಮೊದಲಿನ ಸದ್ದು ಅಡಗುವ ಮುಂಚೆ ಇನ್ನೊಂದು ಬೀಳುತ್ತದಲ್ಲ, ಹಾಗೆ ಹಳೇ ಫ್ರೇಮಿನ ಗುರುತು ಹೊಸದರ ಮೇಲೆ ಉಳಿಯುತ್ತದೆ. ಆಫ್ ಮಾಡಿದರೆ ಹೋಗುತ್ತದೆ. ಆದರೆ ಕಾರ್ಡ್ ಎರಡೂಕಾಲು ಪಟ್ಟು ಪಿಕ್ಸೆಲ್ ಬರೆಯಬೇಕು, ನಿಮ್ಮ 1050 ಟಿಐಗೆ ಅದು ಭಾರ. ಅಪ್‌ಸ್ಕೇಲಿಂಗ್ ಆನ್ ಇರಲಿ. ವಾಲ್ಯೂಮೆಟ್ರಿಕ್ ಲೈಟಿಂಗ್ (ಗಾಳಿಯಲ್ಲಿ ಹರಡುವ ಬೆಳಕು) ಮೊದಲು ಇಳಿಸಿ, ಆಮೇಲೆ ಶ್ಯಾಡೋ ರೆಸಲ್ಯೂಷನ್ (ನೆರಳಿನ ಸ್ಪಷ್ಟತೆ). ಕಾಲ ನಿಲ್ಲಿಸುವ ಟೈಮ್ ಸ್ಟಾಪ್ ಗುಳ್ಳೆ ಹಾಕಿ ಅದರೊಳಗೆ ಗುಂಡು ತುಂಬಿಸಿ ಒಟ್ಟಿಗೆ ಸಿಡಿಸುವುದೇ ಈ ಆಟದ ರುಚಿ. ಅದಕ್ಕೇ ಎಫೆಕ್ಟ್ ಕ್ವಾಲಿಟಿಯನ್ನು ನಾನಂತೂ ಕೊನೆಗೆ ಮುಟ್ಟುತ್ತೇನೆ.

ಹೊಸ ಜಾಗಕ್ಕೆ ಕಾಲಿಟ್ಟಾಗ ಒಮ್ಮೆ ಜಗ್ಗಿ, ಚೆಕ್‌ಪಾಯಿಂಟ್‌ನಿಂದ (ಆಟ ತಾನೇ ಉಳಿಸಿಟ್ಟ ಜಾಗ) ಮತ್ತೆ ಅಲ್ಲಿಗೇ ಹೋದರೆ ಜಗ್ಗದಿದ್ದರೆ ಅದು ಹಾರ್ಡ್ ಡಿಸ್ಕಿಂದು. ನಡುನಡುವೆ ಬರುವ ನಟರ ಕಂತುಗಳನ್ನು ಈ ಲೆಕ್ಕಕ್ಕೆ ಹಿಡಿಯಬೇಡಿ, ಅವು ಬರೀ ವಿಡಿಯೋ.

ವಿಜಯಪುರದಿಂದ:

ನೋಡಿದೆ ಅಣ್ಣಾ. ನೋಟವೇ ಜಗ್ಗುತ್ತದೆ, ಅಂದ್ರೆ ಪಿಸಿಯದ್ದೇ. ಕಾರ್ಡಿನ ಬಿಸಿ 70ರ ಆಸುಪಾಸು ಇದೆ. ಪ್ರೊಸೆಸರ್ ಮಾತ್ರ ಏರ್ತಾ ಏರ್ತಾ 98ಕ್ಕೆ ಹೋಗುತ್ತದೆ. ಆಗ ಅದರ ವೇಗ 3.2 ಗಿಗಾಹರ್ಟ್ಸ್‌ಗಿಂತ ಕೆಳಗೆ ಬೀಳುತ್ತದೆ, ಫ್ರೇಮ್‌ಟೈಮ್ ಗೆರೆಯೂ ಆಗಲೇ ಕುಣಿಯಲು ಶುರುಮಾಡುತ್ತದೆ.

ಬಾಗಲಕೋಟೆಯಿಂದ ಉತ್ತರ:

ಹಂಗಾದ್ರೆ ಸಿಕ್ಕಿತು. ಪ್ರೊಸೆಸರ್ 100 ಡಿಗ್ರಿ ಹತ್ತಿರ ಹೋದರೆ ಸುಟ್ಟುಹೋಗಬಾರದು ಅಂತ ತಾನೇ ವೇಗ ಇಳಿಸಿಕೊಳ್ಳುತ್ತದೆ. ಶುರುವಿನಲ್ಲಿ ಚೆನ್ನಾಗಿದ್ದು ಆಮೇಲೆ ಹದಗೆಡುವುದಕ್ಕೆ ಇದೇ ಕಾರಣ. ನಮ್ಮ ಕಡೆ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ. ಅದರ ಮೇಲೆ ಧೂಳು.

ಪಿಸಿ ಆಫ್ ಮಾಡಿ, ವೈರ್ ಕಿತ್ತು, ಪ್ರೊಸೆಸರ್ ಮೇಲಿನ ಫ್ಯಾನನ್ನು ಕೂಲರ್ ಸಮೇತ ಬಿಚ್ಚಿ. ಫ್ಯಾನಿಗೂ ಅಲ್ಯುಮಿನಿಯಂ ರೆಕ್ಕೆಗಳಿಗೂ ನಡುವೆ ಧೂಳು ಚಾಪೆಯಂತೆ ಕೂತಿರುತ್ತದೆ, ಗಾಳಿ ತೂರುವುದೇ ಇಲ್ಲ. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳು ಇಟ್ಟುಕೊಳ್ಳಿ. ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವ ಹಳೇ ಪೇಸ್ಟ್ ಒಣಗಿ ಪುಡಿಯಾಗಿರುತ್ತದೆ. ಅದನ್ನು ಒರೆಸಿ ಬಟಾಣಿ ಕಾಳಿನಷ್ಟು ಹೊಸ ಥರ್ಮಲ್ ಪೇಸ್ಟ್ ಹಾಕಿ, ಜಾಸ್ತಿ ಬೇಡ. ಕೂಲರ್ ಕೂರಿಸುವಾಗ ಇಂಟೆಲ್‌ನ ನಾಲ್ಕು ಪಿನ್ನೂ ಟಕ್ ಅಂತ ಕೂತವಾ ನೋಡಿ. ಒಂದು ಸಡಿಲ ಇದ್ದರೂ ಬಿಸಿ ಇಳಿಯುವುದಿಲ್ಲ.

ನೀರು ಹಾಕುವ ಏರ್ ಕೂಲರನ್ನು ಕ್ಯಾಬಿನೆಟ್ಟಿನ ಎದುರಿಗೆ ಇಡಬೇಡ್ರೀ. ಆ ಹಸಿ ಗಾಳಿಗೆ ಒಳಗಿನ ಧೂಳು ಅಂಟಾಗುತ್ತದೆ. ಕ್ಯಾಬಿನೆಟ್ ಗೋಡೆಯಿಂದ ದೂರ ಇರಲಿ, ಅಷ್ಟು ಸಾಕು.

ವಿಜಯಪುರದಿಂದ:

ಧೂಳು ತೆಗೆದು ಪೇಸ್ಟ್ ಹಾಕಿದೆ. ಈಗ 76ರ ಮೇಲೆ ಹೋಗುತ್ತಿಲ್ಲ, ವೇಗವೂ ಬೀಳುತ್ತಿಲ್ಲ. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ದೊಡ್ಡ ಕಾಳಗದಲ್ಲಿ ಮಾತ್ರ ಗೆರೆ ಇನ್ನೂ 16ಕ್ಕೂ 33ಕ್ಕೂ ನಡುವೆ ಓಲಾಡುತ್ತದೆ.

ಬೆಳಗಾವಿಯಿಂದ:

ಅದು ಕಾರ್ಡಿನ ಮಿತಿ. ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಈ ಆಟವೊಂದಕ್ಕೇ ಮ್ಯಾಕ್ಸ್ ಫ್ರೇಮ್ ರೇಟ್ 30 ಇಡಿ. ಗೆರೆ ನೆಟ್ಟಗಾಗುತ್ತದೆ, ಬಿಸಿಯೂ ಇನ್ನಷ್ಟು ಇಳಿಯುತ್ತದೆ. ಗುರಿ ಇಡುವಾಗ ಮೌಸ್ ಚೂರು ಭಾರ ಅನ್ನಿಸಬಹುದು. ಅದು ಆಗಿಬರದಿದ್ದರೆ ಮಿತಿ ತೆಗೆದು ರೆಸಲ್ಯೂಷನ್ 900ಪಿಗೆ ಇಳಿಸಿ ನೋಡಿ. ಶೂಟರ್ ಆಟಕ್ಕೆ ನನ್ನ ಮತ ಎರಡನೆಯದಕ್ಕೇ.